ಅಜ್ಜಿಯ ಮುಡಿಪು ಬಿಚ್ಚಿದ ದಿನದಿಂದ

ನನ್ನ ಹತ್ತಿರ ಈಗ 412 ಪೈಸೆ ನಾಣ್ಯಗಳಿವೆ. ಚಿನ್ನ ಇಲ್ಲ, ಬೆಳ್ಳಿ ಇಲ್ಲ, ರಾಜರ ಕಾಲದ್ದು ಒಂದೂ ಇಲ್ಲ. 1957ರಿಂದ ಈಚೆಗೆ ನಮ್ಮಲ್ಲಿ ಬಂದ ನಯಾಪೈಸೆ, ಎರಡು ಪೈಸೆ, ಮೂರು ಪೈಸೆ, ಐದು, ಹತ್ತು, ಇಪ್ಪತ್ತು, ನಾಲ್ಕಾಣೆ, ಎಂಟಾಣೆ, ಅಷ್ಟೆ. ಎಲ್ಲಾ ಕೂಡಿಸಿದರೂ ಮುಖಬೆಲೆ ಅರವತ್ತು ರೂಪಾಯಿ ದಾಟುವುದಿಲ್ಲ. ಅದರಲ್ಲೂ ಎಂಟಾಣೆ ಬಿಟ್ಟರೆ ಯಾವುದೂ ಇವತ್ತು ನಡೆಯುವುದಿಲ್ಲ, 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದರ ಕೆಳಗಿನದ್ದೆಲ್ಲ ರದ್ದಾಗಿಹೋಯಿತು. ಆದರೂ ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಈ ಆಲ್ಬಂ ತೆಗೆದು ಕೂತರೆ ಸಂಜೆ ದೀಪ ಹಚ್ಚುವ ಹೊತ್ತಾಗಿದ್ದೇ ಗೊತ್ತಾಗುವುದಿಲ್ಲ. "ಇದರಿಂದ ಏನು ಸಿಗುತ್ತೆ?" ಅಂತ ಸುಮಾರು ಜನ ಕೇಳಿದ್ದಾರೆ. ಒಂದೇ ಮಾತಲ್ಲಿ ಹೇಳೋಕೆ ಬರಲ್ಲ, ಅದಕ್ಕೆ ಶುರುವಿನಿಂದ ಹೇಳುತ್ತೇನೆ.

ಅಜ್ಜಿ ತೀರಿಕೊಂಡು ವರ್ಷ ಆಗಿತ್ತು. 2014ರ ದೀಪಾವಳಿಗೆ ಮುಂಚೆ ಅರಸೀಕೆರೆ ಹತ್ತಿರದ ನಮ್ಮ ಊರಿನ ಮನೆಗೆ ಸುಣ್ಣ ಹೊಡೆಸಬೇಕು ಅಂತ ದೇವರ ಮನೆ ಖಾಲಿ ಮಾಡುತ್ತಿದ್ದೆವು. ಗೂಡಿನ ಹಿಂದೆ ಒಂದು ಹಿತ್ತಾಳೆ ಚೊಂಬು, ಅದರೊಳಗೆ ಅರಿಶಿನ ಬಟ್ಟೆಯ ಗಂಟು. ಎತ್ತಿದರೆ ಭಾರ. ನಾನು ಬಿಚ್ಚೋಕೆ ಹೋದೆ, ಅಮ್ಮ ತಡೆದರು.

"ಮುಟ್ಟಬೇಡ ಕಣೆ, ಅದು ತಿಮ್ಮಪ್ಪನ ಮುಡಿಪು."

ಹಸು ಕರು ಹಾಕಲು ಕಷ್ಟಪಟ್ಟರೆ, ಮಕ್ಕಳಿಗೆ ಜ್ವರ ಬಿಡದಿದ್ದರೆ, ಮಾವ ಲಾರಿಯಲ್ಲಿ ಕೊಬ್ಬರಿ ಹಾಕಿಕೊಂಡು ಹೋದವರು ಎರಡು ದಿನ ತಡವಾದರೆ, ಅಜ್ಜಿ ಕೈಗೆ ಸಿಕ್ಕ ಒಂದು ಬಿಲ್ಲೆಯನ್ನು "ಕಾಪಾಡಪ್ಪಾ" ಅಂತ ಕಣ್ಣಿಗೊತ್ತಿಕೊಂಡು ಆ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರಂತೆ. ತಿರುಪತಿಗೆ ಹೋದಾಗ ಹುಂಡಿಗೆ ಹಾಕಬೇಕು ಅಂತ. ಅವರು ಹೋಗಲೇ ಇಲ್ಲ. ಕೊನೆಗೆ ಸೋದರಮಾವ ಒಂದು ದಾರಿ ಹೇಳಿದರು. "ನಡೆಯದ ದುಡ್ಡು ಹುಂಡಿಗೆ ಹಾಕೋದು ಬೇಡ. ಇದರ ಬದಲು ನೂರಾ ಒಂದು ರೂಪಾಯಿ ಕಟ್ಟಿಡಿ, ಮುಂದಿನ ಸಲ ಹೋದವರು ಹಾಕಲಿ. ಇದನ್ನ ಮಗು ಇಟ್ಟುಕೊಳ್ಳಲಿ." ನನಗಾಗ ಮೂವತ್ತನಾಲ್ಕು, ಮಾವನಿಗೆ ನಾನಿನ್ನೂ ಮಗುವೇ.

ಮೊರದ ಮೇಲೆ ಸುರಿದೆವು. 143 ನಾಣ್ಯ. ಅಮ್ಮ ಕೂತು ಎಣಿಸಿದರು, 14 ರೂಪಾಯಿ 37 ಪೈಸೆ. ಸುತ್ತಲೂ ಹೂವಿನ ಎಸಳಿನ ಹಾಗೆ ಅಲೆಅಲೆ ಅಂಚಿರುವುದು, ಚೌಕದ್ದು, ಆರು ಮೂಲೆಯದ್ದು, ದುಂಡನೆಯದ್ದು. ಕೆಲವು ಎಷ್ಟು ಹಗುರ ಅಂದರೆ ಉಫ್ ಅಂದರೆ ಹಾರಿಹೋಗುವ ಹಾಗಿದ್ದವು. ಅಲ್ಯೂಮಿನಿಯಂ ಒಂದು ಪೈಸೆಯ ತೂಕ ಮುಕ್ಕಾಲು ಗ್ರಾಂ ಅಷ್ಟೇ ಅಂತ ಆಮೇಲೆ ಗೊತ್ತಾಯಿತು. ನೂರು ಪೈಸೆ, ಅಂದರೆ ಒಂದು ರೂಪಾಯಿ, ತೂಗಿದರೆ 75 ಗ್ರಾಂ.

ಅದರಲ್ಲಿ ಒಂದು ನಾಣ್ಯವನ್ನು ನಾನು ಅವತ್ತು ಕೈಯಿಂದ ಕೆಳಗಿಡಲಿಲ್ಲ. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಕಂಚಿನದ್ದು, ಹುಣಸೆ ಬೀಜದ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಸಿಂಹಗಳು. ಇನ್ನೊಂದು ಕಡೆ 1 ಅಂತ ದೊಡ್ಡದಾಗಿ, ನಯಾ ಪೈಸಾ, 1957, ಜೊತೆಗೆ ಹಿಂದಿಯಲ್ಲಿ ಸಣ್ಣಕ್ಷರದಲ್ಲಿ "ರುಪಯೇ ಕಾ ಸೌವಾಂ ಭಾಗ್". ರೂಪಾಯಿಯ ನೂರನೇ ಒಂದು ಭಾಗ. ನಾಣ್ಯದ ಮೇಲೆ ಯಾಕೆ ಪಾಠ ಬರೆದಿದ್ದಾರೆ ಅಂತ ಅಮ್ಮನನ್ನು ಕೇಳಿದೆ. ಅಮ್ಮನಿಗೆ 1957ರಲ್ಲಿ ಏಳು ವರ್ಷ. ಅಲ್ಲಿಯವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಏಪ್ರಿಲ್ 1ರಿಂದ ಇದ್ದಕ್ಕಿದ್ದ ಹಾಗೆ ನೂರು ಪೈಸೆ. ಹಳೇ ಪೈಸೆ ಬೇರೆ, ಹೊಸ ಪೈಸೆ ಬೇರೆ, ಎರಡೂ ಒಟ್ಟಿಗೆ ಓಡಾಡುತ್ತಿದ್ದವು, ಅದಕ್ಕೇ ಹೊಸದಕ್ಕೆ "ನಯಾ" ಅಂತ ಹೆಸರು. ನಾಲ್ಕಾಣೆಗೆ ಸರಿಯಾಗಿ 25, ತೊಂದರೆ ಇಲ್ಲ. ಆದರೆ ಒಂದಾಣೆಗೆ ಆರೂಕಾಲು ಬರುತ್ತೆ. ಕಾಲು ಪೈಸೆ ಎಲ್ಲಿಂದ ಕೊಡೋದು? ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಅಂತ ಲೆಕ್ಕ ಮಾಡಿದ್ದರು. "ಅಜ್ಜಿ ಅಂಗಡಿಗೆ ಕಳಿಸುವಾಗ ನಾಲ್ಕಾಣೆ ಒಟ್ಟಿಗೇ ಕೊಡೋಳು, ಬಿಡಿ ಕೊಟ್ಟರೆ ಲುಕ್ಸಾನು ಅಂತ" ಎಂದರು ಅಮ್ಮ. ನಾಲ್ಕು ಸಲ ಒಂದೊಂದಾಣೆ ಮುರಿಸಿದರೆ 24 ಪೈಸೆ, ಒಟ್ಟಿಗೆ ಕೊಟ್ಟರೆ 25. ಓದು ಬರಹ ಇಲ್ಲದ ಅಜ್ಜಿ ಆ ಒಂದು ಪೈಸೆ ಬಿಡುತ್ತಿರಲಿಲ್ಲ. ನನಗೆ ಹಿಡಿದದ್ದು ಆ ಮಾತು. ಗಂಟನ್ನು ಬೆಂಗಳೂರಿಗೆ ತಂದೆ.

ಬಂದ ವಾರವೇ ಒಂದು ದೊಡ್ಡ ತಪ್ಪು ಮಾಡಿದೆ. ದೀಪದ ಕಂಬ ತಿಕ್ಕುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ಆ ನಯಾಪೈಸೆಯನ್ನೂ ಇನ್ನೂ ಏಳೆಂಟು ಕಂಚಿನ ಬಿಲ್ಲೆಗಳನ್ನೂ ಚೆನ್ನಾಗಿ ತಿಕ್ಕಿ ತೊಳೆದುಬಿಟ್ಟೆ. ಹೊಸ ಪಾತ್ರೆ ಥರ ಹೊಳೆದವು. ಹದಿನೈದು ದಿನಕ್ಕೆ ಮಚ್ಚೆ ಮಚ್ಚೆ ಎದ್ದು, ಒಂದು ಕಡೆ ಗುಲಾಬಿ, ಒಂದು ಕಡೆ ಕಪ್ಪು. ಒಂದು ನಾಣ್ಯ ಪ್ರದರ್ಶನಕ್ಕೆ ಹೋಗಿದ್ದಾಗ ಅಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅಂಚು ಹಿಡಿದು ತಿರುಗಿಸಿ ನೋಡಿ, "ತೊಳೆದ್ರಾ ಮೇಡಂ?" ಅಂದರು. ನಾನು ಸುಮ್ಮನಿದ್ದೆ. "ಕಂದು ಬಣ್ಣ ಕೊಳೆ ಅಲ್ಲ. ಗಾಳಿಗೆ ಲೋಹದ ಮೇಲೆ ತಾನಾಗೇ ಕಟ್ಟೋ ಪದರ. ಅದೇ ಒಳಗಿನದ್ದನ್ನ ಕಾಪಾಡ್ತಿರೋದು. ಇನ್ಮುಂದೆ ಏನೇ ಆಗಲಿ, ತಿಕ್ಕಬೇಡಿ." ಆ ನಯಾಪೈಸೆ ಈಗಲೂ ಇದೆ, ಮೊದಲ ಪುಟದಲ್ಲೇ. ಅದಕ್ಕಿಂತ ಚೆನ್ನಾಗಿರುವ 1957ರದ್ದು ಆಮೇಲೆ ನಾಲ್ಕು ಸಿಕ್ಕಿದರೂ ಅದರ ಜಾಗಕ್ಕೆ ಬೇರೆ ಇಟ್ಟಿಲ್ಲ. ಅಜ್ಜಿ ಕಟ್ಟಿಟ್ಟದ್ದನ್ನು ನಾನು ಕೆಡಿಸಿದೆ ಅನ್ನುವುದು ಈಗಲೂ ಬೇಜಾರೇ.

ಆ ಹಿರಿಯರೇ ನನಗೆ ನೋಡುವುದು ಹೇಳಿಕೊಟ್ಟವರು. ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟು, "ಇಸವಿ ಕೆಳಗೆ ನೋಡಿ, ಏನಿದೆ?" ಅಂದರು. ಒಂದು ಹತ್ತು ಪೈಸೆಯಲ್ಲಿ ಇಸವಿ ಕೆಳಗೆ ಪುಟ್ಟ ವಜ್ರದ ಆಕಾರ, ಗಾಳಿಪಟ ನೆಟ್ಟಗೆ ನಿಲ್ಲಿಸಿದ ಹಾಗೆ. ಇನ್ನೊಂದರಲ್ಲಿ ನಕ್ಷತ್ರ. ಮತ್ತೊಂದರಲ್ಲಿ ಏನೂ ಇಲ್ಲ. ವಜ್ರ ಅಂದರೆ ಮುಂಬೈ ಟಂಕಸಾಲೆ. ನಕ್ಷತ್ರ ಅಂದರೆ ಹೈದರಾಬಾದ್, ಮೊದಲು ನಿಜಾಮರದ್ದಾಗಿದ್ದು ಆಮೇಲೆ ಕೇಂದ್ರ ಸರ್ಕಾರಕ್ಕೆ ಬಂದದ್ದು. ಏನೂ ಗುರುತಿಲ್ಲದ್ದು ಕೋಲ್ಕತ್ತಾ. 1988ರಲ್ಲಿ ನೋಯ್ಡಾದಲ್ಲಿ ನಾಲ್ಕನೆಯದು ಶುರುವಾಯಿತು, ಅದರ ಗುರುತು ದುಂಡನೆಯ ಚುಕ್ಕಿ. ಮನೆಗೆ ಬಂದವಳೇ 143ನ್ನೂ ಮತ್ತೆ ಮೊರದ ಮೇಲೆ ಸುರಿದೆ. ಒಂದೇ ಥರದ್ದು ಅಂತ ರಾಶಿ ಹಾಕಿದ್ದವು ಬೇರೆ ಬೇರೆಯಾಗುತ್ತಾ ಹೋದವು. ನಮ್ಮ ಅರಸೀಕೆರೆ ಸಂತೆಯಲ್ಲಿ ಓಡಾಡಿದ ಒಂದು ಐದು ಪೈಸೆ ಕೋಲ್ಕತ್ತಾದಲ್ಲಿ ಹುಟ್ಟಿ ಇಲ್ಲಿಯವರೆಗೆ ಕೈಯಿಂದ ಕೈಗೆ ಬಂದಿತ್ತು ಅಂತ ತಿಳಿದಾಗ ಆದ ಖುಷಿ ಇದೆಯಲ್ಲ, ಅಲ್ಲಿಂದಲೇ ನಾನು ನಿಜವಾಗಿ ಶುರು ಮಾಡಿದ್ದು. ಅಲ್ಲಿಯವರೆಗೆ ನನ್ನ ಹತ್ತಿರ ಇದ್ದದ್ದು ಒಂದು ಗಂಟು, ಅಷ್ಟೆ.

ಹೀಗೆ ಒಂದು ಲೆಕ್ಕದ ಪುಸ್ತಕ ತೆರೆದೆ. ಎಡಗಡೆ ಇಸವಿ, ಮೇಲೆ ಟಂಕಸಾಲೆ. ಸಿಕ್ಕಿದ್ದಕ್ಕೆ ಗುರುತು, ಸಿಗದ್ದಕ್ಕೆ ಖಾಲಿ ಮನೆ. ಖಾಲಿ ಮನೆ ಕಂಡರೆ ಕೈ ಸುಮ್ಮನಿರಲ್ಲ.

ಮೂರು ಪೈಸೆ ನೋಡಿ. ಆರು ಮೂಲೆಯ ಅಲ್ಯೂಮಿನಿಯಂ ಬಿಲ್ಲೆ, 1964ರಲ್ಲಿ ಬಂತು, 1971ಕ್ಕೆ ಮುಗಿಯಿತು. ಎಂಟೇ ವರ್ಷದ ಸರಣಿ, ಆದರೆ ಕೊನೆಯ ಎರಡು ವರ್ಷದ್ದು ಹುಡುಕೋಕೆ ನನಗೆ ಆರು ವರ್ಷ ಹಿಡಿಯಿತು. 1964 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷ ಜೂನ್ 1ರಿಂದ "ನಯಾ" ಅನ್ನುವ ಪದ ಬಿಟ್ಟರು, ಬರೀ ಪೈಸೆ ಆಯಿತು. ಹಾಗಾಗಿ ಅದೇ ಇಸವಿಯಲ್ಲಿ ನಯಾ ಇರುವುದೂ ಇದೆ, ಇಲ್ಲದ್ದೂ ಇದೆ. ಪಕ್ಕಪಕ್ಕ ಇಟ್ಟುಕೊಂಡಿದ್ದೇನೆ. ಸರ್ಕಾರ ಬಿಟ್ಟು ಅರವತ್ತು ವರ್ಷ ಆದರೂ ನಾವು "ನಯಾಪೈಸೆ ಕೊಡಲ್ಲ ಹೋಗು" ಅನ್ನುವುದು ಬಿಟ್ಟಿಲ್ಲ, ಅಲ್ವಾ? ನಾಲ್ಕಾಣೆಯೂ ಹಾಗೆ. ಆಣೆ ಹೋದ ಎಷ್ಟೋ ವರ್ಷಕ್ಕೆ ಹುಟ್ಟಿದ ನಾನು ಕಡಲೆಕಾಯಿ ಕೊಂಡದ್ದು ನಾಲ್ಕಾಣೆಗೇ, 25 ಪೈಸೆಗೆ ಅಂತ ಒಂದು ದಿನವೂ ಹೇಳಿಲ್ಲ. ನಮ್ಮ ದೊಡ್ಡಮ್ಮ ಇವತ್ತಿಗೂ ಅದನ್ನು ಪಾವಲಿ ಅಂತಲೇ ಅನ್ನುವುದು.

ನಾಲ್ಕಾಣೆಯಲ್ಲಿ ಮಕ್ಕಳಿಗೆ ತೋರಿಸಬಹುದಾದ ಒಂದು ಆಟ ಇದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ತಗೊಳ್ಳಿ. 1957ರಿಂದ 1971ರವರೆಗಿನವು ಶುದ್ಧ ನಿಕ್ಕಲ್, ಟಕ್ ಅಂತ ಅಂಟುತ್ತವೆ. 1972ರಿಂದ ತಾಮ್ರ ನಿಕ್ಕಲ್ ಬೆರಕೆ, ಅಂಟುವುದಿಲ್ಲ. 1988ರಿಂದ ಘೇಂಡಾಮೃಗ ಇರುವ ಸ್ಟೀಲ್ ನಾಣ್ಯ, ಮತ್ತೆ ಅಂಟುತ್ತದೆ. ಲೋಹ ಯಾಕೆ ಬದಲಾಯಿಸುತ್ತಾ ಹೋದರು ಅಂದರೆ, ಲೋಹದ ಬೆಲೆ ಏರಿ ನಾಣ್ಯದ ಮುಖಬೆಲೆಯನ್ನೇ ದಾಟಿಬಿಡುತ್ತಿತ್ತು. ಆಗ ಜನ ಕರಗಿಸಲು ಶುರು ಮಾಡುತ್ತಾರೆ, ಚಿಲ್ಲರೆ ಮಾಯವಾಗುತ್ತದೆ. ಕಂಚು ಹೋಗಿ ಅಲ್ಯೂಮಿನಿಯಂ ಬಂದದ್ದೂ ಅದಕ್ಕೇ.

ಇಪ್ಪತ್ತು ಪೈಸೆಯ ಕಮಲದ ನಾಣ್ಯ ಹಲವರಿಗೆ ನೆನಪಿರಬಹುದು. ಹಳದಿ ಲೋಹ, ಅರಳಿದ ಕಮಲ, 1968ರಿಂದ 1971. ಅದರಲ್ಲಿ ಚಿನ್ನ ಇದೆ ಅಂತ ಸುದ್ದಿ ಹಬ್ಬಿತ್ತು. ಚಿನ್ನ ಇರಲಿಲ್ಲ, ಅದು ಹಿತ್ತಾಳೆ ಜಾತಿಯ ಲೋಹ. ಆದರೆ ಕಮಲ ಇದೆ ಅಂತ ಎಷ್ಟೋ ಮನೆಗಳಲ್ಲಿ ಲಕ್ಷ್ಮಿ ಪೂಜೆಗೆ ಎತ್ತಿಟ್ಟರು. ಹೀಗಾಗಿ ಇದು ಸಿಗುವಾಗ ಅರಿಶಿನ ಕುಂಕುಮ ಮೆತ್ತಿಕೊಂಡೇ ಸಿಗುತ್ತದೆ. ನನ್ನ ಹತ್ತಿರ ಇರುವ ಒಂದರಲ್ಲಿ ಕಮಲದ ಎಸಳುಗಳ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿದೆ. ತೆಗೆದಿಲ್ಲ. ತೆಗೆಯುವುದೂ ಇಲ್ಲ.

ನನಗೆ ತುಂಬಾ ಇಷ್ಟ ಆಗುವುದು ಎಪ್ಪತ್ತರ ದಶಕದ ಐದು ಪೈಸೆ, ಹತ್ತು ಪೈಸೆಗಳು. ಅವುಗಳ ಮೇಲೆ ಆ ಕಾಲದ ಚಿಂತೆಗಳೆಲ್ಲ ಇವೆ. 1974ರಲ್ಲಿ ಕುಟುಂಬ ಯೋಜನೆ, 1977ರಲ್ಲಿ ಉಳಿತಾಯ, 1978ರಲ್ಲಿ ಎಲ್ಲರಿಗೂ ಅನ್ನ, ಸೂರು, 1979ರಲ್ಲಿ ಮಕ್ಕಳ ವರ್ಷ, 1980ರಲ್ಲಿ ಹಳ್ಳಿಯ ಹೆಂಗಸರ ಏಳಿಗೆ. ಇದನ್ನೆಲ್ಲ ಹೇಳೋಕೆ ಸರ್ಕಾರ ಹಿಡಿದದ್ದು ಹತ್ತು ಪೈಸೆಯನ್ನು, ಯಾಕೆಂದರೆ ಅದು ಎಲ್ಲರ ಕೈಗೂ ಬರುತ್ತಿತ್ತು. ಅಜ್ಜಿಯ ಗಂಟಿನಲ್ಲಿ ಇವು ಒಂಬತ್ತಿದ್ದವು. 1974ರ ಕುಟುಂಬ ಯೋಜನೆಯ ನಾಣ್ಯವನ್ನೂ ಅಜ್ಜಿ ಮುಡಿಪು ಕಟ್ಟಿದ್ದರು. ಯಾವ ಮಗುವಿನ ಜ್ವರಕ್ಕೋ ಗೊತ್ತಿಲ್ಲ, ಅವರಿಗೆ ಏಳು ಮಕ್ಕಳು.

ಕೊಳ್ಳುವ ವಿಷಯ. ಖಾಲಿ ಮನೆ ತುಂಬಲು ಮೊದಲು ನೆಂಟರ ಮನೆ ಸುತ್ತಿದೆ. ಸಾಸಿವೆ ಡಬ್ಬಿ, ಟ್ರಂಕು, ಹಳೇ ಕ್ಯಾಶ್ ಪೆಟ್ಟಿಗೆ, ಎಲೆಅಡಿಕೆ ಸಂಚಿ, ಎಲ್ಲಿ ಕೇಳಿದರೂ ಒಂದು ಹಿಡಿ ಸಿಗುತ್ತಿತ್ತು, ಜೊತೆಗೆ ಒಂದು ಕಥೆಯೂ ಸಿಗುತ್ತಿತ್ತು. ಆಮೇಲೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆ ಕಡೆಯ ಭಾನುವಾರದ ಬಜಾರು. ಅಲ್ಲಿ ಬಟ್ಟೆ ಹಾಸಿ ರಾಶಿ ಹಾಕಿರುತ್ತಾರೆ. ಬೆಳಿಗ್ಗೆ ಬೇಗ ಹೋಗಬೇಕು, ಸುಮ್ನೆ ಕೂತು ಒಂದೊಂದೇ ಆರಿಸಬೇಕು. ನಾನು ಮಾಮೂಲಿ ಪೈಸೆಗೆ ಒಂದಕ್ಕೆ ಐದು, ಹತ್ತು ರೂಪಾಯಿಗಿಂತ ಜಾಸ್ತಿ ಕೊಟ್ಟಿದ್ದು ಕಡಿಮೆ. ಅದೇ ರಾಶಿಯಲ್ಲಿ ರಾಮ, ಹನುಮಂತನ ಚಿತ್ರ ಹಾಕಿ 1818 ಅಂತ ಇಸವಿ ಕೊರೆದ, ಈಸ್ಟ್ ಇಂಡಿಯಾ ಕಂಪನಿಯದ್ದು ಅಂತ ಹೇಳಿ ಮಾರುವ ದಪ್ಪ ಬಿಲ್ಲೆಗಳೂ ಇರುತ್ತವೆ. ಅವು ನಾಣ್ಯವೇ ಅಲ್ಲ, ಈಚೆಗೆ ಮಾಡಿದವು. ದುಡ್ಡು ಕೊಟ್ಟು ತರಬೇಡಿ.

ಇದಕ್ಕಿಂತ ದೊಡ್ಡ ಮೋಸ ಫೋನಿನಲ್ಲಿ ನಡೆಯುತ್ತದೆ. "ನಿಮ್ಮ ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ" ಅನ್ನುವವರು. ನನ್ನ ಪರಿಚಯದವರೊಬ್ಬರು ಹೀಗೆ ಒಂಬತ್ತು ಸಾವಿರ ಕಳೆದುಕೊಂಡರು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಅದು ಯಾರಿಂದಲೂ ಕಮಿಷನ್ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ. ಆ ವೈಷ್ಣೋದೇವಿ ನಾಣ್ಯ 2012ರದ್ದು, ನನಗೆ ತರಕಾರಿ ಅಂಗಡಿಯ ಚಿಲ್ಲರೆಯಲ್ಲೇ ಸಿಕ್ಕಿದೆ. ದಯವಿಟ್ಟು ಮನೆಯ ಹಿರಿಯರಿಗೆ ಇದನ್ನು ಹೇಳಿಡಿ.

ಇಡುವುದು ಹೇಗೆ ಅಂತ ಕೇಳುವವರಿಗೆ: ಪೇಟೆಯಲ್ಲಿ ಸಿಗುವ ಮೆತ್ತನೆ ಪ್ಲಾಸ್ಟಿಕ್ ಜೇಬಿನ ಅಗ್ಗದ ಆಲ್ಬಂ ಬೇಡ. ನಾನು ಮೊದಲು ಕೊಂಡದ್ದು ಅದೇ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾಮ್ರ ಬೆರೆತ ನಾಣ್ಯಗಳ ಮೇಲೆ ಹಸಿರು ಅಂಟು ಬಂತು, ಆ ಪಿವಿಸಿ ಪ್ಲಾಸ್ಟಿಕ್ಕೇ ಹಾಗೆ ಬಿಡುತ್ತದೆ. ಶುದ್ಧ ಅಸಿಟೋನ್‌ನಲ್ಲಿ ಅದ್ದಿ, ಉಜ್ಜದೆ ತೆಗೆದೆ. ಈಗ ರಟ್ಟಿನ ಚೌಕದ ಹೋಲ್ಡರ್‌ಗಳಲ್ಲಿ ಇಡುತ್ತೇನೆ. ಪಿನ್ ಹೊಡೆದ ಮೇಲೆ ಅದನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರುತ್ತದೆ, ಅಲ್ಯೂಮಿನಿಯಂ ತುಂಬಾ ಮೆದು. ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಎಸೆಯದೆ ಪೆಟ್ಟಿಗೆಯಲ್ಲಿ ಹಾಕಿ. ಹಿಡಿಯುವಾಗ ಅಂಚು ಮಾತ್ರ.

ಮಗಳು ಇದಕ್ಕೆ ಸೇರಿಕೊಂಡಿದ್ದು ಎಂಟನೇ ವಯಸ್ಸಿನಲ್ಲಿ. ಅವಳ ಕಣ್ಣು ನನಗಿಂತ ಚುರುಕು. ದೊಡ್ಡಮ್ಮನ ಸಾಸಿವೆ ಡಬ್ಬಿಯಲ್ಲಿ ಸಿಕ್ಕಿದ ಘೇಂಡಾಮೃಗದ ನಾಲ್ಕಾಣೆಗಳನ್ನು ನಾನು ಆಗಲೇ ನೋಡಿ ಪಕ್ಕಕ್ಕಿಟ್ಟಿದ್ದೆ. ಅವಳು ಭೂತಗನ್ನಡಿ ಹಿಡಿದು, "ಅಮ್ಮಾ, ಇದರಲ್ಲಿ ಚುಕ್ಕಿ ಅಲ್ಲ, ಸಿ ಇದೆ" ಅಂದಳು. 1988ರದ್ದು, ಇಸವಿ ಕೆಳಗೆ ಇಂಗ್ಲಿಷಿನ ಸಿ ಅಕ್ಷರ. ಕೆನಡಾದ ಒಟ್ಟಾವಾದಲ್ಲಿ ಅಚ್ಚಾದದ್ದು! ಎಂಬತ್ತರ ದಶಕದಲ್ಲಿ ಚಿಲ್ಲರೆಗೆ ಎಷ್ಟು ಬರ ಬಂದಿತ್ತು ಅಂದರೆ ನಮ್ಮ ಟಂಕಸಾಲೆಗಳಿಗೆ ಪೂರೈಸಲು ಆಗದೆ ಹೊರದೇಶದಲ್ಲಿ ಮಾಡಿಸಿ ತರಿಸಿದ್ದರು. 1985ರ ರೂಪಾಯಿಯಲ್ಲಿ ಹೆಚ್ ಅಕ್ಷರ ಇದ್ದರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನದ್ದು. ಅವತ್ತು ರಾತ್ರಿ ಮಗಳು ಭೂಪಟ ತೆಗೆದು ಒಟ್ಟಾವಾ ಎಲ್ಲಿದೆ ಅಂತ ನೋಡಿಯೇ ಮಲಗಿದ್ದು. ದೊಡ್ಡಮ್ಮನಿಗೆ ಫೋನ್ ಮಾಡಿ, "ದೊಡ್ಡಜ್ಜಿ, ನಿನ್ನ ಪಾವಲಿ ಕೆನಡಾದ್ದು" ಅಂತ ಹೇಳಿದಳು.

ಅವಳನ್ನು ಕರೆದುಕೊಂಡು ಉಡುಪಿಗೂ ಹೋಗಿದ್ದೆ. 1906ರಲ್ಲಿ ಅಲ್ಲಿ ಶುರುವಾದ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರು ಹಾಜಿ ಅಬ್ದುಲ್ಲಾ ಅವರು. ಅವರಿದ್ದ ಮನೆಯಲ್ಲೇ ನಾಣ್ಯಗಳ ಸಂಗ್ರಹಾಲಯ ಮಾಡಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಈಚೆಗಿನವರೆಗೆ ಸಾಲಾಗಿ ಇಟ್ಟದ್ದನ್ನು ನೋಡಿದ ಮೇಲೆ, ನಾವು ದಿನಾ ಆಡುವ "ಹಣ" ಅನ್ನುವ ಮಾತೂ ಒಂದು ನಾಣ್ಯದ ಹೆಸರೇ ಅಂತ ಅವಳಿಗೆ ಹೇಳಿದೆ. ಬೇಳೆಯಷ್ಟಿರುವ ಚಿನ್ನದ ಬಿಲ್ಲೆ ಅದು. ಮೈಸೂರಿನ ಕಂಠೀರವ ನರಸರಾಜ ಒಡೆಯರು ನರಸಿಂಹನನ್ನು ಅಚ್ಚು ಹಾಕಿಸಿದ ಕಂಠೀರಾಯ ಹಣ ನಮ್ಮ ಕಡೆ ಹೆಸರುವಾಸಿ. ಅಷ್ಟು ಚಿಕ್ಕದರಲ್ಲಿ ದೇವರನ್ನು ಕೂರಿಸಿದ ಕೈ ಎಂಥದ್ದಿರಬೇಕು! ಆದರೂ ಕೊಳ್ಳುವ ಆಸೆ ಬರಲಿಲ್ಲ. ನನ್ನದು ಪೈಸೆ.

ಈಗ ಪುಸ್ತಕದಲ್ಲಿ ಇಪ್ಪತ್ತಾರು ಮನೆ ಖಾಲಿ ಇವೆ. ನೂರಾ ಒಂದು ರೂಪಾಯಿಯನ್ನು 2016ರಲ್ಲಿ ಮಾವನೇ ತಿರುಪತಿಗೆ ಹೋಗಿ ಹುಂಡಿಗೆ ಹಾಕಿ ಬಂದರು. ಅರಿಶಿನ ಬಟ್ಟೆಯನ್ನು ಒಗೆಯದೆ ಮಡಿಸಿ ಆಲ್ಬಂ ಜೊತೆ ಇಟ್ಟಿದ್ದೇನೆ. ಹೋದ ತಿಂಗಳು ಮಗಳ ಪರೀಕ್ಷೆ ಶುರುವಾಗುವ ಹಿಂದಿನ ದಿನ ಅಮ್ಮ ಒಂದು ಹೊಸ ಬಟ್ಟೆ ತುಂಡು ಅರಿಶಿನದಲ್ಲಿ ಅದ್ದಿ ಒಣಗಿಸಿಕೊಂಡು ಬಂದು, ಸೆರಗಿನಿಂದ ಐದು ರೂಪಾಯಿ ಬಿಲ್ಲೆ ತೆಗೆದು ನನ್ನ ಕೈಗೆ ಕೊಟ್ಟು, "ಕಟ್ಟಿಡು" ಅಂದರು. ಇಸವಿ ಕೆಳಗೆ ನೋಡಿದೆ. ನಕ್ಷತ್ರ ಇತ್ತು. ಹೈದರಾಬಾದ್. ಅಮ್ಮನಿಗೆ ಹೇಳಿದೆ, "ಹತ್ತಿರದ್ದೇ" ಅಂದರು. ಆಮೇಲೆ ಕಣ್ಣಿಗೊತ್ತಿಕೊಂಡು ಗಂಟು ಹಾಕಿದೆ.